ರಿಬ್ಬನ್ ಕತ್ತರಿಸಿದ ಕಲ್ಲು

ಶಿಕ್ಷಕರ ತರಬೇತಿಯಲ್ಲಿ ಊಟಕ್ಕೆ ಮುಂಚಿನ ತಾಸು ಎಲ್ಲಕ್ಕಿಂತ ಉದ್ದವಾದದ್ದು. ನಾನು ಬನಹಟ್ಟಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇಂಥ ತಾಸುಗಳನ್ನು ಬಹಳ ಕಂಡವಳು. ಆ ದಿನ ಬಾಗಲಕೋಟೆಯ ತರಬೇತಿಯಲ್ಲಿ ಆ ತಾಸು ಸಿಕ್ಕಿದ್ದು ತೆಳ್ಳಗಿನ, ಬಿಳಿ ಗಡ್ಡದ ನಿವೃತ್ತ ಪ್ರಾಧ್ಯಾಪಕರೊಬ್ಬರಿಗೆ. ಅವರು ಭಾಷಣ ಶುರು ಮಾಡಲಿಲ್ಲ. ಹಳೆಯ ಟವೆಲಿನಲ್ಲಿ ಸುತ್ತಿದ್ದ ಒಂದು ಕಲ್ಲನ್ನು ಬಿಚ್ಚಿ, ಮುಂದಿನ ಸಾಲಿನಲ್ಲಿ ಕೂತು ಆಕಳಿಸುತ್ತಿದ್ದ ನನ್ನ ಕೈಗೆ ಕೊಟ್ಟು, ಹಿಡಿದು ನೋಡಿ ಎಂದರು.

ಹಿಡಿದೆ. ಮಾವಿನಕಾಯಿಯ ಆಕಾರ. ಒಂದು ತುದಿ ಚೂಪು, ಇನ್ನೊಂದು ತುದಿ ಅಂಗೈಯಲ್ಲಿ ಕೂರುವ ಹಾಗೆ ಗುಂಡು. ನನ್ನ ಹೆಬ್ಬೆರಳು ತಾನಾಗಿಯೇ ಹೋಗಿ ಒಂದು ತಗ್ಗಿನಲ್ಲಿ ಕೂತಿತು, ಹಳೆಯ ಮನೆಯ ಕಟ್ಟೆಯ ಮೇಲೆ ಅಜ್ಜ ತನ್ನ ಜಾಗದಲ್ಲಿ ಕೂರುವ ಹಾಗೆ. ಅದು ಕೈಗೊಡಲಿ ಎಂದು ಅವರು ಹೇಳಿದರು. ಲಕ್ಷಾಂತರ ವರ್ಷಗಳ ಹಿಂದೆ, ನಮ್ಮಂಥ ಮನುಷ್ಯರು ಹುಟ್ಟುವುದಕ್ಕೂ ಮುಂಚೆ, ನಮ್ಮ ಹಿಂದಿನವರೊಬ್ಬರು ಅದನ್ನು ಕೆತ್ತಿದ್ದರಂತೆ. ಸಿಕ್ಕಿದ್ದು ಬೀಳಗಿ ತಾಲೂಕಿನ ಘಟಪ್ರಭೆಯ ದಂಡೆಯಲ್ಲಿ. ಬೀಳಗಿಗೆ ನಾನು ಎಷ್ಟೋ ಸಲ ಮದುವೆಯ ಊಟಕ್ಕೆ ಹೋಗಿದ್ದೆ. ಈ ಸುದ್ದಿಯನ್ನು ಅಲ್ಲಿ ಯಾರೂ ಹೇಳಿರಲಿಲ್ಲ.

"ಆದಿಮಾನವನು ಕಲ್ಲಿನ ಆಯುಧಗಳನ್ನು ಬಳಸುತ್ತಿದ್ದನು" ಎಂಬುದು ನನ್ನ ಪಾಲಿಗೆ ಅಲ್ಲಿಯವರೆಗೆ ಒಂದು ಅಂಕದ ಉತ್ತರವಾಗಿತ್ತು. ಆ ದಿನ ಊಟದ ಗಂಟೆ ಹೊಡೆದರೂ ಕಲ್ಲು ಬಿಡಲು ಮನಸ್ಸಾಗಲಿಲ್ಲ. ಪ್ರಾಧ್ಯಾಪಕರು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಕಲ್ಲನ್ನು ವಾಪಸು ಪಡೆಯಬೇಕಾಯಿತು.

ಶಾಲೆಗೆ ಮರಳಿದಾಗ ವಸ್ತುಪ್ರದರ್ಶನದ ಸಿದ್ಧತೆ ನಡೆದಿತ್ತು. ವಿಜ್ಞಾನದವರು ಎಂದಿನಂತೆ ಥರ್ಮಾಕೋಲ್ ಜ್ವಾಲಾಮುಖಿ ಮಾಡುವವರಿದ್ದರು. ನಾನು ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಸಮಾಜ ವಿಜ್ಞಾನದಿಂದ ಕಲ್ಲಿನ ಉಪಕರಣ ಮಾಡಿ ತೋರಿಸುತ್ತೇವೆ, ಉದ್ಘಾಟನೆಯ ರಿಬ್ಬನ್ನನ್ನೂ ಕತ್ತರಿಯಿಂದಲ್ಲ, ಕಲ್ಲಿನಿಂದಲೇ ಕತ್ತರಿಸಬೇಕು ಎಂದೆ. ಅವರು ಜಾಗರೂಕ ಮನುಷ್ಯರು. ಒಂದು ಕತ್ತರಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಒಪ್ಪಿದರು.

ಕಲ್ಲು ಬೇಕಲ್ಲ. ನಮ್ಮದು ಲಿಂಗವಂತ ನೇಕಾರರ ಮನೆ. ಮುಂದಿನ ಪಡಸಾಲೆಯಲ್ಲಿ ಪವರ್‌ಲೂಮು, ಹಿಂದೆ ನಾವು. ನಮ್ಮವರು, ಎಂದರೆ ನನ್ನ ಗಂಡ, ವಾರವೆಲ್ಲ ಮಗ್ಗದ ಸದ್ದಿನಲ್ಲಿ ಇರುವುದರಿಂದ ಮಾತು ಕಡಿಮೆ. ಭಾನುವಾರ ಬೀಳಗಿ ಕಡೆ ಹೋಗಿ ಕಲ್ಲು ಆರಿಸಿಕೊಂಡು ಬರೋಣವೇ ಎಂದು ಕೇಳಿದಾಗ ಬಹಳ ಹೊತ್ತು ನನ್ನ ಮುಖ ನೋಡಿದರು. ಕೊನೆಗೆ, ಮುಧೋಳದಲ್ಲಿ ಹೇಗೂ ಒಬ್ಬರಿಗೆ ಸೀರೆ ಮುಟ್ಟಿಸಬೇಕು ಎಂದು ತಮಗೆ ತಾವೇ ಕಾರಣ ಹುಡುಕಿಕೊಂಡು ಬೈಕು ತೆಗೆದರು.

ಕಬ್ಬಿನ ಹಂಗಾಮು. ಸಮೀರವಾಡಿ ದಾಟುವವರೆಗೆ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳ ಹಿಂದೆ, ಅವುಗಳ ಧ್ವನಿವರ್ಧಕದ ಹಾಡು ಕೇಳುತ್ತ, ಕಬ್ಬಿನ ಸೋಗೆಯಿಂದ ಕೆನ್ನೆಗೆ ಹೊಡೆಸಿಕೊಳ್ಳುತ್ತ ಹೋದೆವು. ಮುಧೋಳ ಮುಗಿಸಿ, ಹೊಳೆಯ ದಾರಿ ಕೇಳುತ್ತ ಬೀಳಗಿ ತಾಲೂಕಿನ ಒಂದು ಹಳ್ಳಿಯ ಹೊರಗೆ ಇಳಿದಾಗ ಬಿಸಿಲು ಏರಿತ್ತು. ದಂಡೆಯಲ್ಲಿ ಗುಂಡುಕಲ್ಲು ಹೇರಳ. ನಾನು ಒಂದೊಂದೇ ಎತ್ತಿ, ಕಿವಿಯ ಹತ್ತಿರ ಹಿಡಿದು, ಇನ್ನೊಂದರಿಂದ ತಟ್ಟಿ ನೋಡುತ್ತಿದ್ದೆ. ಗಂಟೆಯ ಹಾಗೆ ಠಣ್ ಎಂದರೆ ಒಳ್ಳೆಯ ಕಲ್ಲು ಎಂದು ಪ್ರಾಧ್ಯಾಪಕರು ಹೇಳಿದ್ದರು. ನಮ್ಮವರು ಚೀಲ ಹಿಡಿದು ಹಿಂದೆ ಬರುತ್ತಿದ್ದರು.

ಎಮ್ಮೆ ಕಾಯುತ್ತಿದ್ದ ಒಬ್ಬ ಮುದುಕ ಇದನ್ನು ನೋಡಿದ. ನಿಧಾನವಾಗಿ ಬಂದು, ರುಮಾಲು ಸರಿ ಮಾಡಿಕೊಂಡು ನಮ್ಮವರನ್ನು ಕೇಳಿದ: "ಮುಳಗಡಿ ಆಫೀಸಿನವರೇನ್ರಿ?"

ಆಣೆಕಟ್ಟಿನ ಹಿನ್ನೀರು ಆ ಕಡೆಯ ಊರುಗಳ ಬಾಗಿಲವರೆಗೂ ಬಂದಿದೆ. ಇಸ್ತ್ರಿ ಮಾಡಿದ ಬಟ್ಟೆ ಹಾಕಿದ ಯಾರೇ ದಂಡೆಯಲ್ಲಿ ಬಗ್ಗಿ ನಿಂತರೂ ಅವರು ಮುಳುಗಡೆಯ ಸರ್ವೇಯವರೇ ಎಂದು ಜನ ತಿಳಿಯುತ್ತಾರೆ. ನಮ್ಮವರು ಅಲ್ಲ, ಕಲ್ಲು ಒಯ್ಯಲು ಬಂದಿದ್ದೇವೆ ಎಂದರು. ಇದಕ್ಕಿಂತ ದೊಡ್ಡ ತಪ್ಪು ಉತ್ತರ ಇರಲಿಲ್ಲ. ಬನಹಟ್ಟಿಯಿಂದ ಕಲ್ಲು ಒಯ್ಯಲು ಯಾರಾದರೂ ಬರುತ್ತಾರೆಯೇ? ಮುದುಕ ಊರ ಕಡೆ ತಿರುಗಿ ಕೈ ಬಾಯಿಗೆ ಹಿಡಿದು ಕೂಗಿದ. ಸ್ವಲ್ಪ ಹೊತ್ತಿನಲ್ಲಿ ನಮ್ಮ ಸುತ್ತ ಹದಿನೈದಿಪ್ಪತ್ತು ಮಂದಿ ನಿಂತಿದ್ದರು. ಈ ಸಲ ಎಷ್ಟು ಮೀಟರ್ ಏರಿಸುತ್ತಾರೆ ಎಂದು ಒಬ್ಬ ಕೇಳಿದ. ತನ್ನ ದನದ ಕೊಟ್ಟಿಗೆ ಹೋದ ಸಲ ಸರ್ವೇಯಲ್ಲಿ ಬಿಟ್ಟುಹೋಗಿದೆ, ಬಂದು ಕಣ್ಣಾರೆ ನೋಡಿ ಎಂದು ಒಬ್ಬ ಹೆಣ್ಣುಮಗಳು ನನ್ನ ಕೈ ಹಿಡಿದಳು. ನಾನು ಸಾಲಿಯವಳು, ಮಕ್ಕಳಿಗೆ ಪಾಠ ಹೇಳುವವಳು ಎಂದರೆ, ಹಾಗೆ ಹೇಳಬೇಕೆಂದು ಮೇಲಿನಿಂದ ಆರ್ಡರ್ ಇರುತ್ತದೆ ಎಂದು ಇನ್ನೊಬ್ಬ ಉಳಿದವರಿಗೆ ತಿಳಿಸಿ ಹೇಳಿದ.

ಬೇರೆ ದಾರಿ ಕಾಣದೆ ನಾನು ಅಲ್ಲೇ ಪಾಠ ಶುರು ಮಾಡಿದೆ. ಲಕ್ಷಾಂತರ ವರ್ಷಗಳ ಹಿಂದೆ ಇದೇ ದಂಡೆಯ ಮೇಲೆ ಆದಿಮಾನವರು ಇದ್ದರು, ಇಂಥ ಕಲ್ಲಿನಿಂದಲೇ ಕೊಡಲಿ ಮಾಡಿಕೊಳ್ಳುತ್ತಿದ್ದರು, ಹೊಳೆ ನೀರಿಗೆ ಬಂದ ಪ್ರಾಣಿಗಳನ್ನು ಬೇಟೆಯಾಡುತ್ತಿದ್ದರು, ಆಮೇಲೆ ಹೋಗಿಬಿಟ್ಟರು ಎಂದೆ. ಎಲ್ಲರೂ ಶ್ರದ್ಧೆಯಿಂದ ಕೇಳಿದರು. ಮುದುಕ ಸ್ವಲ್ಪ ಹೊತ್ತು ಹೊಳೆ ನೋಡಿದ.

"ಅವರ್ದೂ ಮುಳಗಡಿ ಆಗಿತ್ತೇನ್ರಿ?" ಎಂದ. "ಅವರಿಗೆ ಎಲ್ಲಿ ಜಾಗಾ ಕೊಟ್ರು?"

  ಆಮೇಲೆ ಊರಿನವರು ನಮಗೆ ಚಹಾ ಕುಡಿಸಿದರು. ಕೊಟ್ಟಿಗೆಯನ್ನೂ ತೋರಿಸಿದರು. ಗಟ್ಟಿಮುಟ್ಟಾದ ಕೊಟ್ಟಿಗೆ, ನಾನು ಹಾಗೆಯೇ ಹೇಳಿದೆ. ಕೊನೆಗೆ ಹುಡುಗರು ತಾವೇ ಮುಂದಾಗಿ ಕಲ್ಲು ಆರಿಸಿ ಚೀಲ ತುಂಬಿಸಿ ಬೈಕಿಗೆ ಕಟ್ಟಿಕೊಟ್ಟರು. ಆಫೀಸಿನವರಿಗೆ ಸಹಕಾರ ಕೊಡಬೇಕು ಎಂಬುದು ಅವರ ಭಾವನೆ. ಬರುವಾಗ ಬೈಕಿನ ಹಿಂದಿನ ಗಾಲಿ ಹಳ್ಳ ಬಂದಲ್ಲೆಲ್ಲ ಮಡ್‌ಗಾರ್ಡಿಗೆ ತಾಗಿ ಅರಚುತ್ತಿತ್ತು. ನಮ್ಮವರು ಮನೆ ಬರುವವರೆಗೆ ಒಂದೇ ಮಾತಾಡಿದರು: ಇಷ್ಟು ಭಾರ ಕಬ್ಬಾಗಿದ್ದರೆ ಕಾರ್ಖಾನೆಯವರಾದರೂ ತಗೊಳ್ಳುತ್ತಿದ್ದರು.

ಮರುದಿನ ಸಂಜೆಯಿಂದ ಹಿತ್ತಲಲ್ಲಿ ಕೂತೆ. ಕಲ್ಲಿನ ಚೂರು ಕಣ್ಣಿಗೆ ಸಿಡಿಯುತ್ತದೆ ಎಂದು ನಮ್ಮವರ ಹೆಲ್ಮೆಟ್ಟನ್ನು ಗಾಜು ಇಳಿಸಿ ಹಾಕಿಕೊಂಡೆ. ಅವರು ರಸ್ತೆಯ ಮೇಲೆ ಎಂದೂ ಹಾಕದೆ ಜೋಪಾನ ಮಾಡಿದ್ದರಿಂದ ಅದು ಹೊಸದಾಗಿಯೇ ಇತ್ತು. ಒಂದು ಗುಂಡನ್ನು ತೊಡೆಯ ಮೇಲೆ ಗೋಣಿಚೀಲ ಹಾಸಿ ಹಿಡಿದು, ಇನ್ನೊಂದರಿಂದ ಅದರ ಅಂಚಿಗೆ ಓರೆಯಾಗಿ ಹೊಡೆಯಬೇಕು. ಹೇಳುವುದು ಇಷ್ಟು ಸುಲಭ. ಕಲ್ಲು ಒಡೆಯಲಿಲ್ಲ. ಮನುಷ್ಯನನ್ನು ಮನುಷ್ಯನನ್ನಾಗಿ ಮಾಡಿದ್ದರಲ್ಲಿ ಹೆಬ್ಬೆರಳಿನದು ದೊಡ್ಡ ಪಾಲು ಎಂದು ಪ್ರತಿವರ್ಷ ಪಾಠ ಮಾಡುವವಳು ನಾನು. ಎಡಗೈಯ ಹೆಬ್ಬೆರಳಿಗೇ ಪೆಟ್ಟು ಕೊಟ್ಟುಕೊಂಡೆ. ಮಗ್ಗ ನಡೆಯುವವರೆಗೆ ನನ್ನ ಕುಟ್ಟಾಟ ಯಾರಿಗೂ ಕೇಳಿಸಲಿಲ್ಲ. ಕರೆಂಟು ಹೋದದ್ದೇ ತಡ, ಓಣಿಗೆ ಓಣಿಯೇ ಒಮ್ಮೆಲೇ ಮೌನವಾಯಿತು. ಅದರ ನಡುವೆ ನನ್ನದೊಂದೇ ಠಕ್ ಠಕ್. ಪಕ್ಕದ ಮನೆಯವರು ಗೋಡೆಯ ಮೇಲಿಂದ ಹಣಿಕಿ ಹಾಕಿ, ಹೆಲ್ಮೆಟ್ ಹಾಕಿಕೊಂಡು ಕಲ್ಲು ಕುಟ್ಟುತ್ತಿದ್ದ ಸಾಲಿ ಕಲಿಸುವ ಅಕ್ಕೋರನ್ನು, ಎಂದರೆ ನನ್ನನ್ನು, ನೋಡಿ, ಏನೂ ಕೇಳದೆ ತಲೆ ಕೆಳಗೆ ಮಾಡಿಕೊಂಡರು. ಕೇಳಿದ್ದರೆ ಚೆನ್ನಾಗಿತ್ತು.

ಅತ್ತೆ ಮಾತ್ರ ಬಂದು ಎದುರಿಗೆ ಕೂತರು. ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಬಂದಿದ್ದರು. ಈ ಕಲ್ಲಿನಿಂದ ಆ ಕಾಲದವರು ಏನು ಹೆಚ್ಚುತ್ತಿದ್ದರು ಎಂದು ಕೇಳಿದರು. ಗೆಡ್ಡೆಗೆಣಸು ಎಂದು ಹೇಳಿ ಪಾರಾಗಬಹುದಿತ್ತು. ನಾನು ಮೇಷ್ಟ್ರುಗಿರಿಯ ಚಟಕ್ಕೆ ಬಿದ್ದು ಬೇಟೆಯ ಮಾಂಸವನ್ನೂ ಸೇರಿಸಿದೆ. ಮೊಟ್ಟೆಯೂ ಬಾರದ ಮನೆ ನಮ್ಮದು. ಅಡಿಗಿ ಮನಿಗೆ ಇದನ್ನು ತರಕೂಡದು ಎಂದು ಅವರು ಅಲ್ಲೇ ಅಪ್ಪಣೆ ಮಾಡಿದರು. ಅತ್ತಿ, ಇದು ಇವತ್ತು ಮಾಡುತ್ತಿರುವ ಹೊಸ ಕಲ್ಲು, ಮಾಂಸ ಮುಟ್ಟಿಯೇ ಇಲ್ಲ ಎಂದೆ.

"ಮುಟ್ಟಿಲ್ಲ ಖರೆ," ಎಂದರು ಅತ್ತೆ, "ಬುದ್ಧಿ ಅದರದ ಅಲ್ಲೇನು?"

ಆಮೇಲೆ ಮಾತು ಮಂಗನ ಕಡೆ ಹೋಯಿತು. ನೀವು ಸಾಲಿಯಲ್ಲಿ ಮಕ್ಕಳಿಗೆ ಮಂಗ್ಯಾನಿಂದ ಮನುಷ್ಯ ಆದ ಎಂದು ಹೇಳುತ್ತೀರಂತಲ್ಲ ಎಂದು ಕೇಳಿದರು. ಹಾಗಲ್ಲ, ಅವರದೂ ನಮ್ಮದೂ ಮೂಲಪುರುಷ ಒಬ್ಬ, ಅಲ್ಲಿಂದ ಎರಡು ಕವಲು, ಅಣ್ಣತಮ್ಮಂದಿರ ಮಕ್ಕಳಿದ್ದ ಹಾಗೆ ಎಂದು ಹೆಲ್ಮೆಟ್ ತೆಗೆದು ವಿವರಿಸಿದೆ. ಅತ್ತೆಯ ಮುಖ ಥಟ್ಟನೆ ತಿಳಿಯಾಯಿತು. ಇಷ್ಟು ದಿನ ಯಾರೂ ಇದನ್ನು ಸರಿಯಾಗಿ ಹೇಳಿರಲಿಲ್ಲ ಎಂಬಂತೆ ತಲೆಯಾಡಿಸಿದರು.

"ಭಾಗ ಆಗಿ ಬ್ಯಾರೆ ಆದ್ರು ಅನ್ನು. ಅಡವಿ ಅವರ ಪಾಲಿಗೆ ಹೋತು, ಮಗ್ಗ ನಮ್ಮ ಪಾಲಿಗೆ ಬಂತು." ಒಳಗೆ ಕರೆಂಟು ಬಂದು ಮತ್ತೆ ಶುರುವಾದ ಖಟಾಖಟಿಯನ್ನು ಕೇಳಿ, "ಛಲೋ ಪಾಲು ಅವರಿಗೇ ಸಿಕ್ಕೈತಿ ನೋಡ," ಎಂದರು.

ಆ ವಾರವೆಲ್ಲ ಹೀಗೆಯೇ. ಒಮ್ಮೆ ನಮ್ಮವರು ಬಂದು, ನಿನಗೆ ಹೊಡೆಯಲು ಬರುವುದಿಲ್ಲ, ಕೊಡು ಇಲ್ಲಿ ಎಂದು ಕಲ್ಲು ಕಸಿದುಕೊಂಡು ಒಂದೇ ಏಟಿಗೆ ಅದನ್ನು ಸರಿಯಾಗಿ ಎರಡು ಹೋಳು ಮಾಡಿದರು. ಇದು ಉಪಕರಣ ಅಲ್ಲ, ಎರಡು ಕಲ್ಲು ಎಂದೆ. ಮೊದಲು ಒಂದಿತ್ತು, ಈಗ ಎರಡಾಯಿತಲ್ಲ ಎಂದು ಹೆಮ್ಮೆಯಿಂದ ಒಳಗೆ ಹೋದರು. ನನಗೆ ಆದಿಮಾನವರ ಮನೆಯ ಹೆಂಗಸರ ನೆನಪಾಯಿತು.

ನನಗೆ ಹೊಡೆಯಲು ಬಂದದ್ದು ಪ್ರದರ್ಶನದ ಹಿಂದಿನ ಸಂಜೆ. ಕಲ್ಲು ಆಯಿತೇ, ಕತ್ತರಿ ತೆಗೆದಿಡಲೇ ಎಂದು ಹೆಡ್‌ಮಾಸ್ತರರು ಫೋನ್ ಮಾಡಿದರು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಆಗುತ್ತದೆ ಸರ್ ಎನ್ನುತ್ತ, ಆ ಸಿಟ್ಟಿಗೆ ಅಂಚಿನ ಮೇಲೆ ಒಂದು ಏಟು ಹಾಕಿದೆ. ಸದ್ದೇ ಬೇರೆಯಾಗಿತ್ತು. ಗುಂಡಿನ ಪಕ್ಕದಿಂದ ಅಂಗೈಯಗಲದ ಒಂದು ಚಕ್ಕೆ ಎದ್ದು ಗೋಣಿಯ ಮೇಲೆ ಮೆತ್ತಗೆ ಮಲಗಿತು. ಎತ್ತಿ ಬೆಳಕಿಗೆ ಹಿಡಿದರೆ ಅದರ ಅಂಚಿನಲ್ಲಿ ಬೆಳಕು ಹಾಯುತ್ತಿತ್ತು. ನೂಲಿನ ಲಡಿಯೊಂದರ ಮೇಲೆ ಎಳೆದೆ; ನೂಲು ಇತ್ತು, ಇರಲಿಲ್ಲ. ಆ ಕ್ಷಣದ ಸಂತೋಷವನ್ನು ನಾನು ಇಂದಿಗೂ ಯಾರಿಗೂ ಸರಿಯಾಗಿ ಹೇಳಲು ಆಗಿಲ್ಲ. ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ ಅದು. ಮೈಯೆಲ್ಲ ಕೂದಲಿದ್ದ, ಹಣೆ ಮುಂದೆ ಚಾಚಿದ್ದ ಯಾರೋ ಒಬ್ಬಳು ಈ ಕಲ್ಲು ಬಂದ ಹೊಳೆಯ ದಂಡೆಯಲ್ಲಿ ಹೀಗೆಯೇ ಚಕ್ಕೆ ಎತ್ತಿ ಬೆಳಕಿಗೆ ಹಿಡಿದಿರಬೇಕು ಅನ್ನಿಸಿತು. ಅವಳ ಜೊತೆ ಮಾತಾಡಲು ಹೆಡ್‌ಮಾಸ್ತರರು ಬಿಡಲಿಲ್ಲ. ಫೋನಿನಲ್ಲಿ ಹಲೋ ಹಲೋ ಎನ್ನುತ್ತಲೇ ಇದ್ದರು.

ಉದ್ಘಾಟನೆಗೆ ಬಂದವರು ಹಿಪ್ಪರಗಿ ಕಡೆಯ ಒಬ್ಬ ಗೌಡರು. ನೂರಾರು ಟನ್ ಕಬ್ಬು ಬೆಳೆಯುವ ದೊಡ್ಡ ಆಳು, ದೊಡ್ಡ ಮೀಸೆ; ಶಾಲೆಯ ಶಾಮಿಯಾನ ಪ್ರತಿವರ್ಷ ಅವರದೇ. ಕುಂಕುಮ ಹಚ್ಚಿದ ತಾಟಿನಲ್ಲಿ ಕತ್ತರಿಯ ಬದಲು ಕಲ್ಲು ಕಂಡು ಅವರು ಹೆಡ್‌ಮಾಸ್ತರರನ್ನು ನೋಡಿದರು. ಹೆಡ್‌ಮಾಸ್ತರರು ಜೇಬು ಮುಟ್ಟಿಕೊಂಡು ನನ್ನನ್ನು ನೋಡಿದರು. ನಾನು ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿದೆ: ಲಕ್ಷಾಂತರ ವರ್ಷಗಳ ಹಿಂದೆ ಆದಿಮಾನವರು ಮಾಡುತ್ತಿದ್ದ ರೀತಿಯಲ್ಲೇ ಇದನ್ನು ನಾನು ನಮ್ಮ ಹಿತ್ತಲಲ್ಲಿ ಮಾಡಿದ್ದೇನೆ. ಈ ವಾಕ್ಯದ ಮೊದಲ ಎರಡು ಶಬ್ದ ಗೌಡರ ಕಿವಿಯಲ್ಲಿ ಉಳಿದವು. ಮಿಕ್ಕದ್ದು ಶಾಮಿಯಾನದ ಗಾಳಿಗೆ ಹೋಯಿತು.

ಗೌಡರು ಚಕ್ಕೆಯನ್ನು ರಿಬ್ಬನ್ನಿನ ಮೇಲಿಟ್ಟು ಒತ್ತಿದರು. ಸ್ಯಾಟಿನ್ ರಿಬ್ಬನ್ನು ಒತ್ತಿದಷ್ಟೂ ಬಗ್ಗಿತು. ಮಕ್ಕಳು ಕಿಸಕ್ಕೆಂದರು. ಒತ್ತಬೇಡಿ, ಎಳೆಯಿರಿ ಎಂದೆ. ಅವರು ಚಕ್ಕೆಯನ್ನು ಬಿಟ್ಟು ರಿಬ್ಬನ್ನನ್ನೇ ಎಳೆದರು, ಅದೂ ಟ್ರ್ಯಾಕ್ಟರಿನ ಹಗ್ಗ ಎಳೆಯುವ ಕೈಯಿಂದ. ಎಡಗಡೆಯ ಕಂಬ ರಿಬ್ಬನ್ನಿನ ಜೊತೆಗೇ ಹೊರಟು ಬಂದಿತು. ಕಂಬದ ಜೊತೆಗೆ ಸ್ವಾಗತದ ಬ್ಯಾನರು ಇಳಿದು ಹೆಡ್‌ಮಾಸ್ತರರನ್ನು ಪೂರ್ತಿ ಮುಚ್ಚಿತು. ಅದರೊಳಗಿಂದ ಕತ್ತರಿ ಹಿಡಿದ ಒಂದು ಕೈ ಮಾತ್ರ ಹೊರಗೆ ಬಂದು ಅತ್ತಿತ್ತ ಆಡುತ್ತಿತ್ತು. ಆದರೆ ಆ ಹೊತ್ತಿಗೆ ಗೌಡರ ಕೈಗೂ ಬಲಗಡೆಯ ಕಂಬಕ್ಕೂ ನಡುವೆ ರಿಬ್ಬನ್ನು ಬಿಗಿಯಾಗಿತ್ತು. ಗೌಡರು ಚಕ್ಕೆಯನ್ನು ಮೆಲ್ಲಗೆ ಎಳೆದರು. ರಿಬ್ಬನ್ನು ಎರಡಾಗಿ ಬಿದ್ದಿತು.

ಗೌಡರು ತಮ್ಮ ಕೈಯನ್ನು ನೋಡಿಕೊಂಡರು. ಬಿದ್ದ ರಿಬ್ಬನ್ನನ್ನು ಎತ್ತಿ ಇನ್ನೊಮ್ಮೆ ಕತ್ತರಿಸಿದರು. ಮತ್ತೊಮ್ಮೆ. ಚೂರುಗಳನ್ನು ಪಕ್ಕದಲ್ಲಿದ್ದ ಗಣ್ಯರಿಗೆ ಹಂಚಿದರು. ಹೆಡ್‌ಮಾಸ್ತರರು ಬ್ಯಾನರಿನಿಂದ ಹೊರಬಂದು ಸ್ವಾಗತ ಭಾಷಣ ಶುರು ಮಾಡಿದಾಗ ಗೌಡರು ವೇದಿಕೆಯ ಮೇಲೆ ತಮ್ಮ ಕೊರಳ ಹಾರದ ದಾರ ಕೊಯ್ಯುತ್ತಿದ್ದರು. ಜ್ವಾಲಾಮುಖಿ ಉಕ್ಕುವ ಹೊತ್ತಿಗೆ ಸನ್ಮಾನದ ಬುಟ್ಟಿಯ ಪೇರಲಹಣ್ಣು ಮುಗಿದಿತ್ತು. ಚಕ್ಕೆ ಅವರ ಜೇಬಿನಲ್ಲಿಯೇ ಊರಿಗೆ ಹೋಯಿತು. ಕೇಳುವ ಧೈರ್ಯ ಶಾಮಿಯಾನದ ಕೆಳಗೆ ಯಾರಿಗೂ ಇರಲಿಲ್ಲ.

ಅಲ್ಲಿಂದ ಮುಂದಿನದು ನನಗೆ ಸುದ್ದಿಯಾಗಿ ಬರತೊಡಗಿತು. ಮೊದಲು ಜಮಖಂಡಿಯ ನಮ್ಮ ಸಂಬಂಧಿಕರೊಬ್ಬರು ಫೋನ್ ಮಾಡಿ, ಹಿಪ್ಪರಗಿಯ ಗೌಡರ ಹತ್ತಿರ ಸಾವಿರ ವರ್ಷದ ಕಲ್ಲು ಇದೆಯಂತೆ ಎಂದರು. ತುಬಚಿಯಿಂದ ಬರುವ ನಮ್ಮ ಶಾಲೆಯ ಗುಮಾಸ್ತರು, ಲಕ್ಷ ವರ್ಷದ್ದಂತೆ, ಅವರ ಹೊಲದಲ್ಲೇ ಪೈಪು ಹೂಳುವಾಗ ಸಿಕ್ಕಿತಂತೆ ಎಂದರು. ವಾಟ್ಸ್ಯಾಪಿನಲ್ಲಿ ಬಂದ ಫೋಟೋದಲ್ಲಿ ಗೌಡರು ಚಕ್ಕೆಯನ್ನು ಎದೆಗೆ ಹಿಡಿದು ನಿಂತಿದ್ದರು. ಅದು ನಾನು ಮಾಡಿದ್ದು ಎಂದು ನಾನು ಸಿಕ್ಕವರಿಗೆಲ್ಲ ಹೇಳಿದೆ. ಜನ ನಕ್ಕರು. ಅಕ್ಕೋರಿಗೆ ಹೊಟ್ಟೆಕಿಚ್ಚು ಎಂದು ಒಬ್ಬರು ನಮ್ಮವರ ಹತ್ತಿರ ಹೇಳಿದರಂತೆ. ಫೋಟೋ ಸುತ್ತಿ ಸುತ್ತಿ ಧಾರವಾಡಕ್ಕೆ ಹೋಗಿ ಕೊನೆಗೆ ಆ ಬಿಳಿ ಗಡ್ಡದ ಪ್ರಾಧ್ಯಾಪಕರನ್ನೇ ಮುಟ್ಟಿತು. ಅವರು ಕಲ್ಲು ನೋಡಲು ಬರುತ್ತೇನೆಂದು ನನಗೇ ಫೋನ್ ಮಾಡಿದರು. ವಿಷಯ ಹೇಳಿದೆ. ಆದರೂ ಬರುತ್ತೇನೆ ಎಂದರು.

ನಮ್ಮವರು, ನಾನು, ಪ್ರಾಧ್ಯಾಪಕರು ಒಂದು ಟಂಟಂ ಆಟೋ ಮಾಡಿಕೊಂಡು ಹೋದೆವು. ಗೌಡರ ಪಡಸಾಲೆಯಲ್ಲಿ ದೇವರ ಜಗಲಿಯ ಪಕ್ಕದಲ್ಲಿ ಚಕ್ಕೆ ಕೂತಿತ್ತು, ಮೂರು ಬೆರಳಿನ ವಿಭೂತಿ ಹಚ್ಚಿಸಿಕೊಂಡು, ತಲೆಯ ಮೇಲೆ ಒಂದು ದಾಸವಾಳ ಇಟ್ಟುಕೊಂಡು. ನಮ್ಮ ಅತ್ತೆ ಅಡಿಗೆ ಮನೆಗೆ ಬಿಡದ ಕಲ್ಲು ಇಲ್ಲಿ ಹೂವು ಮುಡಿದಿತ್ತು. ಪ್ರಾಧ್ಯಾಪಕರು ಅದನ್ನು ಕೈಗೆ ತಗೊಂಡು, ಮಸೂರದ ಕೆಳಗೆ ಹೊರಳಿಸಿ ನೋಡಿದರು. ಹಳೆಯದಾಗಿದ್ದರೆ ಅಂಚು ಸವೆದಿರುತ್ತದೆ, ಮೈಗೆ ಬಣ್ಣ ಕೂತಿರುತ್ತದೆ. ಇದು ಹೊಸ ಚಕ್ಕೆ, ಆದರೆ ಹೊಡೆತ ಚೆನ್ನಾಗಿದೆ ಎಂದು ಮೃದುವಾಗಿ ಹೇಳಿದರು. ಆ ಕೊನೆಯ ಮಾತಿಗೆ ನಾನು ಟಂಟಂನ ಕುಲುಕಾಟವನ್ನೆಲ್ಲ ಮರೆತೆ.

ಗೌಡರು ನನ್ನ ಕಡೆ ತಿರುಗಿದರು. "ಖರೇನ ನೀವ ಮಾಡಿದ್ರೇನ್ರಿ ಅಕ್ಕೋರ?"

ಹೌದು, ಆ ದಿನ ಮೈಕಿನಲ್ಲಿ ಹೇಳಿದ್ದೆನಲ್ಲ ಎಂದೆ. ಪಡಸಾಲೆಯಲ್ಲಿ ನೋಡಲು ಬಂದಿದ್ದ ನಾಲ್ಕಾರು ಮಂದಿ ಗೋಡೆ ನೋಡತೊಡಗಿದರು. ಗೌಡರು ಮೀಸೆಯ ಮೇಲೆ ಕೈಯಾಡಿಸಿದರು. ನಮ್ಮವರು ಟಂಟಂ ಎಲ್ಲಿ ನಿಂತಿದೆ ಎಂದು ಬಾಗಿಲ ಕಡೆ ನೋಡಿಕೊಂಡರು.

"ಚಕ್ಕಿ ಹೋದ ತಿಂಗಳದ್ದು, ಆತು," ಎಂದರು ಗೌಡರು, ಪ್ರಾಧ್ಯಾಪಕರಿಗೆ. "ಕಲ್ಲು ಎಷ್ಟ ವರ್ಷದ್ದರಿ?"

ಪ್ರಾಧ್ಯಾಪಕರು ಪ್ರಾಮಾಣಿಕ ಮನುಷ್ಯರು. ಈ ಸೀಮೆಯ ಇಂಥ ಕಲ್ಲು ನೂರು ಕೋಟಿ ವರ್ಷಕ್ಕಿಂತ ಹಳೆಯದು ಎಂದರು. ಗೌಡರು ಕಣ್ಣರಳಿಸಿ ಗೋಡೆ ನೋಡುತ್ತಿದ್ದವರನ್ನೆಲ್ಲ ಒಬ್ಬೊಬ್ಬರನ್ನೇ ನೋಡಿದರು.

"ಕೇಳಿದ್ರಿಲ್ಲೋ? ನಾ ಹೇಳಿದ್ದು ಕಡಿಮಿನ ಆತು."

ಆಮೇಲೆ ಊಟಕ್ಕೆ ಎಬ್ಬಿಸಿದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಊಟವಾದ ಮೇಲೆ ಅಂಗಳದಲ್ಲಿ ಕಬ್ಬಿನ ಜಲ್ಲೆ ತಂದು ಇಟ್ಟರು. ಪ್ರಾಧ್ಯಾಪಕರು ಸ್ವಲ್ಪ ಸಂಕೋಚದಿಂದ, ಆ ಚಕ್ಕೆ ಒಮ್ಮೆ ಕೊಡುತ್ತೀರಾ ಎಂದು ಗೌಡರನ್ನು ಕೇಳಿದರು. ಇಷ್ಟು ವರ್ಷ ಇಂಥ ಕಲ್ಲುಗಳನ್ನು ಅಳೆದಿದ್ದೇನೆ, ತೂಗಿದ್ದೇನೆ, ಚಿತ್ರ ಬರೆದಿದ್ದೇನೆ, ಆದರೆ ಹಳೆಯವು ಹಾಳಾಗುತ್ತವೆಂದು ಒಂದರಿಂದಲೂ ಏನನ್ನೂ ಕೊಯ್ದಿಲ್ಲ ಎಂದರು. ವಿಭೂತಿ ಒರೆಸಿ ಕೊಟ್ಟೆವು. ಅವರು ನೆಲದ ಮೇಲೆ ಕಾಲು ಚಾಚಿ ಕೂತು, ನಾಲಿಗೆ ಹೊರಗೆ ಕಚ್ಚಿಕೊಂಡು, ಜಲ್ಲೆಯ ಸಿಪ್ಪೆಯನ್ನು ಪಟ್ಟಿ ಪಟ್ಟಿಯಾಗಿ ಹೆರೆದರು. ತುಂಡು ಮಾಡಿ ಬಾಯಿಗೆ ಹಾಕಿಕೊಂಡರು. ರಸ ಗಡ್ಡಕ್ಕೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಇನ್ನೊಂದು ಜಲ್ಲೆಗೆ ಕೈ ಚಾಚಿದರು. ಗೌಡರು ತಮ್ಮ ಸರದಿಗೆ ಕಾಯುತ್ತ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು, ಅವರ ಹಿಂದೆ ನಮ್ಮವರು.

ಚಕ್ಕೆಯನ್ನು ನಾನು ವಾಪಸು ಕೇಳಲಿಲ್ಲ. ಗೌಡರು ಈಗ ನಿಜವನ್ನೇ ಹೇಳುತ್ತಾರೆ: ಬನಹಟ್ಟಿ ಅಕ್ಕೋರು ಮಾಡಿದ್ದು, ನೂರು ಕೋಟಿ ವರ್ಷದ್ದು. ಈ ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡ ಕೆಲವರು ಸಂತೆಯಲ್ಲಿ ಸಿಕ್ಕಾಗ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಾರೆ.

ಅಂದು ಸಂಜೆ ಪ್ರಾಧ್ಯಾಪಕರನ್ನು ಬಸ್ಸಿಗೆ ಹತ್ತಿಸಲು ಹೋದಾಗ ಗೌಡರು ಕಟ್ಟಿಕೊಟ್ಟ ಕಬ್ಬಿನ ಹೊರೆ ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡಿತು. ಕಂಡಕ್ಟರು ಇದಕ್ಕೆ ಲಗೇಜು ಆಗುತ್ತದೆ ಎಂದ. ಪ್ರಾಧ್ಯಾಪಕರು ಹೊರೆಯಿಂದ ಒಂದು ಜಲ್ಲೆ ಜಗ್ಗಿ ಅವನಿಗೆ ಕೊಟ್ಟರು. ಅವನು ಅದನ್ನು ತಿರುಗಿಸಿ ನೋಡಿ, ಹೆರೆಯುವುದು ಯಾತರಿಂದ ಎಂದು ಕೇಳಿದ. ಕಲ್ಲಿನಿಂದ ಎಂದು ಪ್ರಾಧ್ಯಾಪಕರು ಅವನಿಗೆ ವಿವರಿಸುತ್ತಿದ್ದಂತೆಯೇ ಬಸ್ಸು ಹೊರಟಿತು.